ಮೇಷ್ಟ್ರ ಮಿಕ್ಸ್

ಜನವರಿ 9, ಸಂಜೆ

ಇವತ್ತೂ ಜೆಲ್ಲಿನಲ್ಲಿ ಗುಳ್ಳೆ. ವ್ಯಾಕ್ಯೂಮ್ ಪಂಪಿಗೆ ವಯಸ್ಸಾಯಿತು, ಅರ್ಧ ದಾರಿಗೇ ಏದುಸಿರು ಬಿಡುತ್ತದೆ. ಒಂದು ಲೈನರ್ ಪೂರ್ತಿ ವೇಸ್ಟ್. ಒಳಮೈ ತುಂಬ ತೂತು. ವರ್ಕ್‌ಶಾಪಿನ ಯಜಮಾನರು ಬಂದರು, ನೋಡಿದರು, ಬೈಯಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಹೊರಟುಹೋದರು.

ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅದೇ ಚಟ. ಕೃತಕ ಕಾಲು ಹಾಕಿಸಿಕೊಳ್ಳಲು ಬಂದವರು ಕಾಲನ್ನು ಆಮೇಲೆ ನೋಡುತ್ತಾರೆ, ಮೊದಲು ಲೈನರ್ ಒತ್ತುತ್ತಾರೆ. ಉಳಿದ ಕಾಲಿಗೂ ಪ್ಲಾಸ್ಟಿಕ್ ಸಾಕೆಟ್ಟಿಗೂ ನಡುವೆ ಹಾಕುವ ಜೆಲ್ಲಿನ ಚೀಲ, ಅಷ್ಟೇ. ಮೆತ್ತಗಿದ್ದರೆ ಮುಖ ಅರಳುತ್ತದೆ. ಗಟ್ಟಿಯಿದ್ದರೆ 'ಇದು ನೋಯಲ್ವಾ ಮೇಡಂ?' ಹೆಬ್ಬೆರಳು ಹೇಳಿದ್ದೇ ವೇದವಾಕ್ಯ.

ಮನೆಗೆ ಬಂದರೆ ಭಾವ ಮೆಟ್ಟಿಲ ಮೇಲೆ ಕಾಲು ಕಳಚಿಟ್ಟು ಕೂತಿದ್ದಾರೆ. ಉಳಿದ ಕಾಲಿನಲ್ಲಿ ಮೂಳೆಯ ತುದಿಯ ಚರ್ಮ ಕೆಂಪಾಗಿದೆ. ಅವರ ಲೈನರ್ ಹಳೆಯದು, ನಮ್ಮಲ್ಲೇ ಮಾಡಿದ್ದು, ಸ್ವಲ್ಪ ಬಿರುಸು. ಹದಿನಾಲ್ಕಕ್ಕೆ ಸ್ಕೂಲಿನ ಗ್ರೌಂಡಿನಲ್ಲಿ ನಡೆದು ತೋರಿಸಬೇಕು. ಹೆಡ್‌ಮಿಸ್ ಒಪ್ಪಿದರೆ ಮತ್ತೆ ಡ್ರಿಲ್ ಮೇಷ್ಟ್ರು. ಇಲ್ಲವಾದರೆ ಲೈಬ್ರರಿಯೇ ಗತಿ. ಕಾಲು ಹೋದಾಗಿನಿಂದ ಅಲ್ಲೇ ಕೂರಿಸಿದ್ದಾರೆ, ಪುಸ್ತಕಕ್ಕೆ ನಂಬರ್ ಅಂಟಿಸುತ್ತ. ಇಡೀ ಸ್ಕೂಲನ್ನು ಒಂದು ಸೀಟಿಯಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ.

'ಗೋಂದು, ನಿನ್ ಕೈಲಿ ಏನಾದ್ರೂ ಆಗುತ್ತಾ ನೋಡು' ಅಂದರು. ಅಂಟುವ ಕೆಲಸ ಮಾಡುತ್ತೇನಲ್ಲ, ಅವರ ಬಾಯಲ್ಲಿ ನಾನು ಗೋಂದು. ನೋಡೋಣ ಭಾವ ಅಂದೆ.

ಜನವರಿ 12

ಮಾಡಿಬಿಟ್ಟೆ, ಭಾವನಿಗೆ ಹೊಸ ಲೈನರ್.

ಸರಿಯಾದ ದಾರಿ ಗೊತ್ತಿಲ್ಲದೆ ಅಲ್ಲ. ಹಾರ್ಡನರ್ ಇದ್ದಷ್ಟೇ ಹಾಕಿ, ಜೆಲ್ ಮೆತ್ತಗಾಗಿಸುವ ಎಣ್ಣೆ ಸ್ವಲ್ಪ ಏರಿಸಿ, ಸಣ್ಣ ಶಾಖದಲ್ಲಿ ನಿಧಾನವಾಗಿ ಬೇಯಿಸಬೇಕು. ಆರಿದ ಮೇಲೆ ಓವನ್ನಿನಲ್ಲಿ ಎರಡನೇ ಸುತ್ತು. ಆಮೇಲೆ ಅದೇ ಬ್ಯಾಚಿನ ಜೆಲ್ಲಿನ ಬಿಲ್ಲೆಯೊಂದನ್ನು ತೂಕದ ಕೆಳಗಿಟ್ಟು ವಾರ ಬಿಟ್ಟು ನೋಡಬೇಕು. ವಾರ ಎಲ್ಲಿದೆ? ನಾಡಿದ್ದೇ ನಡಿಗೆ.

ಹಾರ್ಡನರ್ ಕಡಿಮೆ ಮಾಡಿದೆ. ಎರಡನೇ ಸುತ್ತು ಬಿಟ್ಟೆ, ಅದು ಮತ್ತೆ ಬಿಗಿ ಮಾಡುತ್ತದಲ್ಲ. ಜೆಲ್ ಅಂದರೆ ಉದ್ದುದ್ದ ಎಳೆಗಳು. ಎಳೆಗೆ ಎಳೆ ಸಿಕ್ಕಲ್ಲಿ ಗಂಟು ಹಾಕುವುದು ಹಾರ್ಡನರ್. ಗಂಟು ಕಡಿಮೆಯಾದಷ್ಟೂ ಮೆತ್ತಗೆ. ತೀರಾ ಕಡಿಮೆಯಾದರೆ ಅಕ್ಕ ಹೆಣೆದ ಸಡಿಲ ಸ್ವೆಟರಿನ ಮೊಣಕೈ ಥರ, ಒಮ್ಮೆ ಹಿಗ್ಗಿದ್ದು ಹಿಗ್ಗಿತು, ವಾಪಸ್ ಬರುವುದಿಲ್ಲ. ಗೊತ್ತು. ಆದರೆ ಅಷ್ಟೊಂದೇನೂ ಇಳಿಸಿಲ್ಲ... ಮೇಲ್ಮೈ ಅಂಟುತ್ತಿತ್ತು. ಪೌಡರ್ ಹಚ್ಚಿದೆ.

ಒತ್ತಿದರೆ ಹೆಬ್ಬೆರಳು ಹಾಯಾಗಿ ಇಳಿಯಿತು. ಇಷ್ಟು ವರ್ಷದಲ್ಲಿ ಇಷ್ಟು ಮೆತ್ತಗಿನದು ನನ್ನ ಕೈಯಿಂದ ಬಂದಿರಲಿಲ್ಲ. ಕಾಲು ಜೋಡಿಸುವ ಫಿಟ್ಟರ್ ಕೂಡ ಒತ್ತಿ ನೋಡಿ, 'ಮೇಡಂ, ಇದನ್ನ ದಿಂಬಿನ ಅಂಗಡಿಗೆ ಕೊಡಿ' ಎಂದ. ನಗು ಬಂತು. ಹೆಮ್ಮೆಯೂ ಆಯಿತು.

ಜನವರಿ 14, ಸಂಜೆ

ಗೆದ್ದರು!

ಅಕ್ಕ, ನಾನು ಗೇಟಿನ ಹತ್ತಿರ ನಿಂತಿದ್ದೆವು. ಅಕ್ಕ ಬ್ಯಾಗಿನ ಹಿಡಿಯನ್ನು ಹಿಂಡಿ ಹಿಪ್ಪೆ ಮಾಡಿದಳು. ಹೆಡ್‌ಮಿಸ್ ಹೇಳಿದ್ದಷ್ಟು ಸುತ್ತು ಮುಗಿಸಿ, ಭಾವ ನಿಲ್ಲಲೇ ಇಲ್ಲ. ಇನ್ನೊಂದು ಸುತ್ತು ಹೋದರು, ಕೊನೆಯಲ್ಲಿ ಸೀಟಿ ಊದಿದರು. ಕ್ಲಾಸುಗಳಿಂದ ಮಕ್ಕಳು ಕಿಟಕಿಗೆ ಮುಗಿಬಿದ್ದರು. ಫೆಬ್ರವರಿ ಕೊನೆಗೆ ಸ್ಪೋರ್ಟ್ಸ್ ಡೇ. ಮಾರ್ಚ್‌ಪಾಸ್ಟಿನ ಮುಂದೆ ನಡೆಯುವುದು ಅವರೇ ಎಂದು ಹೆಡ್‌ಮಿಸ್ ಅಲ್ಲೇ ಹೇಳಿದರು.

ಆಟೋದಲ್ಲಿ ಭಾವ ಲೈನರ್ ತಟ್ಟಿ ತಟ್ಟಿ ಹೊಗಳಿದರು. ಅಕ್ಕ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಅವಳು ಹಾಗೆಲ್ಲ ಹಿಡಿಯುವವಳಲ್ಲ. ಅಮ್ಮ ಹೋದಾಗ ಅಕ್ಕನಿಗೆ ಹದಿನೇಳು, ನನಗೆ ಆರು. ನನ್ನ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಮದುವೆಯಾದಾಗ ಇವಳೂ ನನ್ನ ಜೊತೆ ಬರುತ್ತಾಳೆ ಎಂದು ಹಟ ಹಿಡಿದದ್ದು ಎಲ್ಲ ಅವಳೇ. ಈಗಲೂ ಅವರ ಮನೆಯ ಮೇಲಿನ ಕೋಣೆಯೇ ನನ್ನ ಮನೆ. ಅವಳಿಗೆ ನನ್ನಿಂದ ಒಂದು ಒಳ್ಳೆಯದಾಯಿತು ಅನ್ನಿಸಿತು.

ಜನವರಿ 15

ಅದೇ ಬ್ಯಾಚಿನ ಬಿಲ್ಲೆ ಇವತ್ತು ತೂಕದ ಕೆಳಗಿಟ್ಟೆ. ಮೊದಲೇ ಇಡಬೇಕಿತ್ತು. ಇರಲಿ.

ಜನವರಿ 22

ತೂಕ ತೆಗೆದೆ. ಬಿಲ್ಲೆಯಲ್ಲಿ ಗುಳಿ. ಟೀ ಕುಡಿದು ಬಂದು ನೋಡಿದೆ, ಹಾಗೇ ಇತ್ತು. ಊಟ ಮುಗಿಸಿ ನೋಡಿದೆ. ಹಾಗೇ. ಪಕ್ಕದಲ್ಲಿ ನಮ್ಮ ಮಾಮೂಲಿ ಬ್ಯಾಚಿನ ಬಿಲ್ಲೆ ಯಾವಾಗಲೋ ಎದ್ದು ಮಟ್ಟಸವಾಗಿ ಕೂತಿದೆ.

ಅಂದರೆ ಭಾವನ ಕಾಲಿನಲ್ಲೂ ಇದೇ ಆಗುತ್ತಿದೆ. ಭಾರ ಎಲ್ಲಿ ಹೆಚ್ಚೋ ಅಲ್ಲಿಂದ ಜೆಲ್ ಪಕ್ಕಕ್ಕೆ ಸರಿಯುತ್ತದೆ. ಭಾರ ಹೆಚ್ಚಿರುವುದು ಮೂಳೆಯ ತುದಿಯಲ್ಲಿ. ಜೆಲ್ ಬೇಕಿರುವುದೂ ಅಲ್ಲೇ. ಬೇರೆ ಯಾರಾದರೂ ಆಗಿದ್ದರೆ ನೋವು ಬಂದು ತಾವೇ ಕಳಚಿ ಎಸೆಯುತ್ತಿದ್ದರು. ಭಾವನಿಗೆ ಸಕ್ಕರೆ ಕಾಯಿಲೆ. ಆ ಚರ್ಮಕ್ಕೆ ಅರ್ಧ ಸುದ್ದಿಯೂ ತಲುಪುವುದಿಲ್ಲ. ಶೂ ಕಡಿದದ್ದು ಗೊತ್ತಾಗದೇ ತಾನೇ ಆ ಕಾಲು ಹೋದದ್ದು.

ಮನೆಗೆ ಬಂದವಳೇ ಹೇಳಿದೆ, ಭಾವ, ಆ ಲೈನರ್ ಕೊಡಿ, ಬೇರೆ ಮಾಡಿಕೊಡ್ತೀನಿ. ಒಂದು ವಾರ ಹಳೆಯದು ಹಾಕ್ಕೊಳ್ಳಿ.

ಅವರು ಲೈನರನ್ನು ಮಗುವಿನ ಥರ ಎದೆಗೆ ಅಪ್ಪಿಕೊಂಡರು. ಪ್ರಾಕ್ಟೀಸ್ ಶುರುವಾಗಿದೆ, ಸ್ಪೋರ್ಟ್ಸ್ ಡೇ ಮುಗಿಯಲಿ, ಆಮೇಲೆ ನಿನ್ನ ಎಲ್ಲಾ ಪ್ರಯೋಗ ಎಂದರು. ಯಾಕೆ, ಏನಾಗಿದೆ ಇದಕ್ಕೆ ಎಂದು ಅಕ್ಕ ಕೇಳಿದಳು.

ಏನೂ ಆಗಿಲ್ಲ, ಇನ್ನೂ ಚೆನ್ನಾಗಿ ಮಾಡಬಹುದು, ಅಷ್ಟೆ — ಅಂದೆ.

ಗುಳಿಯ ವಿಷಯ ಹೇಳಲಿಲ್ಲ. ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಕ್ಕ ಅಷ್ಟು ನಗುನಗುತ್ತ ನಿಂತಿದ್ದಳಲ್ಲ... ಹೇಳಿದ್ದರೆ ಕಳಚಿಸಿಯೇ ಕಳಚಿಸುತ್ತಿದ್ದಳು. ಸರಿಯಾದದ್ದನ್ನು ನಾಳೆಯಿಂದಲೇ ಶುರು ಮಾಡುತ್ತೇನೆ. ತಯಾರಾದ ಮೇಲೆ ಕೈಗೆ ಕೊಟ್ಟರೆ ಆಯಿತು.

ಜನವರಿ 28

ಶುರು ಮಾಡಿಲ್ಲ. ಪಂಪ್ ಮೊನ್ನೆಯವರೆಗೂ ರಿಪೇರಿಯಲ್ಲಿತ್ತು.

ಯಜಮಾನರು ಭಾವನ ಸುದ್ದಿ ಕೇಳಿ ಕುಣಿಯುತ್ತಿದ್ದಾರೆ. ಆ ಮಿಶ್ರಣಕ್ಕೆ ಹೆಸರೂ ಇಟ್ಟಾಯಿತು, ಮೇಷ್ಟ್ರ ಮಿಕ್ಸ್. ಟೈಲರಮ್ಮ ಒಬ್ಬರು ಕೌಂಟರಿನಲ್ಲಿ ಸ್ಯಾಂಪಲ್ ಒತ್ತಿ ನೋಡಿ, ನನಗೂ ಇದೇ ಬೇಕು ಎಂದು ಪಟ್ಟು ಹಿಡಿದರಂತೆ. ತೂಕದ ಪರೀಕ್ಷೆ ಆಯಿತಾ ಎಂದು ಯಜಮಾನರು ಕೇಳಿದರು. ಇನ್ನೊಂದು ಬಿಲ್ಲೆ ಇಡೋದು ಬಾಕಿ ಇದೆ ಅಂದೆ. ಮೇಷ್ಟ್ರು ಹೇಗಿದ್ದಾರೆ ಅಂದರು. ಚೆನ್ನಾಗಿದ್ದಾರೆ ಅಂದೆ. ಹಾಗಾದ್ರೆ ಅದೇ ಪರೀಕ್ಷೆ ಬಿಡಿ, ಕಾಲೇ ಹೇಳ್ತಿದೆಯಲ್ಲ ಅಂದರು.

ಎರಡೂ ನಿಜ. ಪರೀಕ್ಷೆ ಬಾಕಿ ಇರುವುದೂ ನಿಜ, ಚೆನ್ನಾಗಿರುವುದೂ ನಿಜ. ಎರಡು ನಿಜ ಸೇರಿಸಿ ಒಂದು ಸುಳ್ಳು ಹೇಳಿದೆ.

ಟೈಲರಮ್ಮನಿಗೆ ಒಂದು ಮಾಡಿಕೊಟ್ಟೆ. ಹಾರ್ಡನರ್ ತುಸು ಏರಿಸಿದೆ, ಹೆಬ್ಬೆರಳಿಗೆ ತಿಳಿಯದಷ್ಟು. ಅಷ್ಟರಿಂದ ಏನೂ ಆಗದು, ನನಗೇ ಗೊತ್ತು.

ಫೆಬ್ರವರಿ 3

ಭಾವ ಸ್ನಾನಕ್ಕೆ ಹೋದಾಗ ಅವರ ಲೈನರ್ ಕೈಗೆತ್ತಿಕೊಂಡೆ. ಒಳಗೆ ಬೆರಳು ಹಾಕಿ ತುದಿ ಮುಟ್ಟಿ ನೋಡಬೇಕೆಂದು. ಬಾಗಿಲ ಸದ್ದಾಯಿತು. ಹಾಗೇ ಇಟ್ಟುಬಿಟ್ಟೆ. ನನ್ನ ಕೈಯಿಂದಲೇ ಆದದ್ದನ್ನು ಮುಟ್ಟಿ ನೋಡಲು ಹೆದರಿಕೆ.

ಸಂಜೆ ಅಂಗಳದಲ್ಲಿ ಲೆಫ್ಟ್ ರೈಟ್ ಅಭ್ಯಾಸ. ಅಕ್ಕನನ್ನೂ ಎಳೆದುಕೊಂಡರು. ಇಬ್ಬರೂ ನಗುತ್ತಿದ್ದರು. ನಾನು ತಲೆನೋವು ಎಂದು ಮೇಲೆ ಬಂದೆ.

ಫೆಬ್ರವರಿ 12, ಬೆಳಿಗ್ಗೆ

ಅಕ್ಕ ಕೂಗಿದಳು. ಕೂಗಿದ ರೀತಿಗೇ ಗೊತ್ತಾಯಿತು. ಮೆಟ್ಟಿಲಿಳಿದು ಓಡಿದೆ.

ಲೈನರ್ ತೊಳೆಯಲು ತಿರುವಿದಾಗ ಒಳಗೆಲ್ಲ ಕೀವು, ರಕ್ತ. ಮೂಳೆಯ ತುದಿಯಲ್ಲಿ ಹುಣ್ಣು, ನಾಣ್ಯದಷ್ಟು ಅಗಲ, ಆಳ ಇನ್ನೂ ಹೆಚ್ಚು. ಭಾವ ಅದನ್ನು ಬೇರೆ ಯಾರದೋ ಕಾಲೆಂಬಂತೆ ಬಗ್ಗಿ ನೋಡುತ್ತಿದ್ದರು. ನೋವೇ ಇಲ್ಲ ಎಂದರು. ಮೈ ಮಾತ್ರ ಕಾದ ಹಂಚು.

ಆಸ್ಪತ್ರೆಗೆ ಹೊರಟಿದ್ದೇವೆ. ಆಟೋ ಬಂತು.

ಫೆಬ್ರವರಿ 13

ಸೋಂಕು ಮೇಲಕ್ಕೆ ಏರುತ್ತಿದೆ. ಇವತ್ತು ಒಮ್ಮೆ ಕತ್ತರಿಸಿ ಕ್ಲೀನ್ ಮಾಡಿದರು. ವಾರದಲ್ಲಿ ಇನ್ನೊಮ್ಮೆ. ಅಷ್ಟರೊಳಗೆ ನಿಲ್ಲದಿದ್ದರೆ ಮಂಡಿಯ ಮೇಲಿನಿಂದ ತೆಗೆಯಬೇಕು. ಮಂಡಿ ಇದ್ದರೆ ನಡಿಗೆ ನಡಿಗೆಯಂತಿರುತ್ತದೆ, ಮಂಡಿಯೂ ಹೋದರೆ ಒಂದೊಂದು ಹೆಜ್ಜೆಯೂ ಕಷ್ಟಪಟ್ಟು ಎತ್ತಿಡಬೇಕು. ವರ್ಕ್‌ಶಾಪಿನಲ್ಲಿ ದಿನಾ ನೋಡುತ್ತೇನೆ.

ಡಾಕ್ಟರ್ ಸಕ್ಕರೆಯ ಅಂಶ ನೋಡಿ, ಇಷ್ಟ್ಯಾಕೆ ಏರಿದೆ, ಪಥ್ಯ ಸರಿಯಾಗಿ ಮಾಡ್ತಿಲ್ವಾ ಎಂದು ಕೇಳಿದರು. ಅಕ್ಕನ ಕಣ್ಣು ಭಾವನ ಮೇಲೆ ನೆಟ್ಟಿತು. ಸೋಂಕು ಇದ್ದಾಗಲೂ ಸಕ್ಕರೆ ಏರುತ್ತದೆ ಎಂದು ಡಾಕ್ಟರ್ ಹೋಗುವಾಗ ಮೆಲ್ಲಗೆ ಹೇಳಿದರು. ಅಕ್ಕ ಆಗಲೇ ಭಾವನ ಕಡೆ ತಿರುಗಿದ್ದಳು, ಕೇಳಿಸಿಕೊಳ್ಳಲಿಲ್ಲ. ನನಗೆ ಕೇಳಿಸಿತು. ಅಕ್ಕಾ, ಡಾಕ್ಟರ್ ಹೀಗಂದರು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಹೇಳಲಿಲ್ಲ. ತಪ್ಪು ಸಕ್ಕರೆಯದಲ್ಲ ಎಂದರೆ ಮತ್ತೆ ಯಾವುದರದು ಎಂದು ಕೇಳುತ್ತಾಳಲ್ಲ.

ಫೆಬ್ರವರಿ 15

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಿಕ್ಕಂದಿನಲ್ಲಿ ಈ ಗಾದೆಗೆ ನಗುತ್ತಿದ್ದೆ.

ಎರಡು ದಿನದಿಂದ ಅಕ್ಕ ಅದೇ ರಾಗ. ಸ್ಕೂಲಿನಲ್ಲಿ ಕದ್ದು ತಿಂದಿರಿ, ಸ್ಟಾಫ್‌ರೂಮಿನಲ್ಲಿ ಯಾರ್ಯಾರದೋ ಹುಟ್ಟಿದಹಬ್ಬದ ಕೇಕ್, ನನಗೆ ಗೊತ್ತಿಲ್ವಾ, ಒಂದು ಕಾಲು ತಿಂದಿದ್ದು ಸಾಲದಾ. ಅಳು, ಮತ್ತೆ ಬೈಗುಳ. ಪಕ್ಕದ ಬೆಡ್ಡಿನವರೆಲ್ಲ ಕಿವಿ ನಿಮಿರಿಸಿದ್ದರು. ಭಾವ ಮೊದಮೊದಲು ಇಲ್ಲ ಮಾರಾಯ್ತಿ, ಒಂದು ತುಣುಕೂ ಇಲ್ಲ ಎನ್ನುತ್ತಿದ್ದರು. ಇವತ್ತು ಮಧ್ಯಾಹ್ನ ಸುಸ್ತಾದರೋ ಏನೋ.

'ಹೂಂ, ತಿಂದೆ. ಬಿಸ್ಕತ್ತು. ದಿನಾ ಪ್ರಾಕ್ಟೀಸ್ ಆದ್ಮೇಲೆ ಹಸಿವಾಗ್ತಿತ್ತು. ಸಾಕಾ?'

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋಡಿದ್ಯಾ ಎಂಬಂತೆ ನನ್ನ ಕಡೆ ತಿರುಗಿದಳು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

ಅವರು ತಿಂದಿಲ್ಲ. ನನಗೆ ಗೊತ್ತು. ಆ ಮನುಷ್ಯ ಟೀಗೂ ಸಕ್ಕರೆ ಬಿಟ್ಟು ವರ್ಷವಾಯಿತು. ಗ್ರೌಂಡಿಗೆ ಮರಳಬೇಕೆಂದು ಬಾಯಿಗೆ ಬೀಗ ಹಾಕಿಕೊಂಡವರು. ಅವಳ ಸಿಟ್ಟಿಗೆ ಒಂದು ದಡ ಸಿಗಲಿ ಎಂದು ಒಪ್ಪಿಕೊಂಡರು. ಮಾಡದ ತಪ್ಪನ್ನು ಒಪ್ಪಿಕೊಳ್ಳಲು ಅವರಿಗೆ ಎರಡು ದಿನ ಸಾಕಾಯಿತು. ಮಾಡಿದ್ದನ್ನು ಒಪ್ಪಿಕೊಳ್ಳಲು ನನಗೆ?

ಫೆಬ್ರವರಿ 16

ಆಸ್ಪತ್ರೆಯ ಬಟ್ಟೆಗಂಟಿನಿಂದ ಲೈನರ್ ತೆಗೆದುಕೊಂಡು ಬಂದೆ. ವರ್ಕ್‌ಶಾಪಿನಲ್ಲಿ ಯಾರೂ ಬರುವ ಮೊದಲೇ ಉದ್ದಕ್ಕೆ ಸೀಳಿದೆ. ಎರಡು ಹೋಳು.

ಪಕ್ಕದ ಗೋಡೆಗಳಲ್ಲಿ ಜೆಲ್ ದಪ್ಪಗೆ ಮಡಿಕೆಬಿದ್ದಿದೆ. ಮೂಳೆಯ ತುದಿ ಕೂರುವ ಜಾಗ ಬೆಳಕಿಗೆ ಹಿಡಿದರೆ ಲೈನರಿನ ಹೊರಗಿನ ಬಟ್ಟೆಯೇ ಕಾಣುತ್ತದೆ. ಅಲ್ಲಿ ಜೆಲ್ಲೇ ಇಲ್ಲ. ಇಷ್ಟು ದಿನ ಭಾವ ಬರೀ ಪ್ಲಾಸ್ಟಿಕ್ಕಿನ ಮೇಲೆ ಮಾರ್ಚ್ ಮಾಡಿದ್ದಾರೆ. ಹೆಬ್ಬೆರಳಿನಿಂದ ಒತ್ತಿದೆ, ಉಳಿದ ಕಡೆ. ಈಗಲೂ ಅಷ್ಟೇ ಮೆತ್ತಗೆ, ಅಷ್ಟೇ ಹಾಯಿ.

ಎರಡೂ ಹೋಳನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಫೆಬ್ರವರಿ 17

ಯಜಮಾನರಿಗೆ ಹೇಳಿದೆ. ಬಿಲ್ಲೆಯ ಗುಳಿ, ಬಿಟ್ಟ ಸುತ್ತು, ಕಡಿಮೆ ಮಾಡಿದ ಹಾರ್ಡನರ್, ಎಲ್ಲ. ಹೋಳನ್ನೂ ತೋರಿಸಿದೆ. ಹೇಳದೆ ದಾರಿಯಿರಲಿಲ್ಲ, ಇನ್ನೂ ನಾಲ್ಕು ಆರ್ಡರ್ ಹಿಡಿದು ಕೂತಿದ್ದರು. ಅವರು ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. ಕೌಂಟರಿನ ಸ್ಯಾಂಪಲ್ ತೆಗೆಸಿದರು. ಟೈಲರಮ್ಮನ ಮನೆಗೆ ನೀವೇ ಹೋಗಿ ಎಂದರು.

ಹೋದೆ. ಆಕೆಗೆ ಕೋಪ, ಇಷ್ಟು ಚೆನ್ನಾಗಿರೋದನ್ನ ಯಾಕೆ ಕಿತ್ಕೋತೀರಿ ಎಂದು. ಉಳಿದ ಕಾಲು ತೋರಿಸಿ ಎಂದೆ. ತುದಿಯಲ್ಲಿ ಸ್ವಲ್ಪ ಕೆಂಪು, ಅಷ್ಟೆ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಆಕೆ ಗಾಬರಿಯಾಗಿ ನೀರು ತರಿಸಿಕೊಟ್ಟರು.

ಯಜಮಾನರಿಗೆ ಹೇಳಲು ಎಷ್ಟು ಸುಲಭವಾಯಿತು. ಅವರು ನನ್ನ ತಲೆ ಬಾಚಿದವರಲ್ಲ.

ಫೆಬ್ರವರಿ 20, ಮಧ್ಯಾಹ್ನ

ಎರಡನೇ ಸಲದ ಕ್ಲೀನಿಂಗ್ ಆಯಿತು. ಮಂಡಿ ಉಳಿಯುತ್ತದೆ. ಡಾಕ್ಟರ್ ಖಚಿತವಾಗಿ ಹೇಳಿದರು. ಆದರೆ ಮೂಳೆಯನ್ನು ಇನ್ನಷ್ಟು ಮೋಟು ಮಾಡಿದ್ದಾರೆ, ತೊಡೆಯ ಚರ್ಮ ತೆಗೆದು ಮುಚ್ಚಬೇಕು. ಒಂದು ವರ್ಷ ಕೃತಕ ಕಾಲಿನ ಮಾತೇ ಇಲ್ಲ. ಗ್ರೌಂಡಿನ ಮಾತಂತೂ...

ಅಕ್ಕ ಔಷಧಿ ತರಲು ಹೋದಳು. ಭಾವನಿಗೆ ಹೇಳಿಬಿಟ್ಟೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಗೊತ್ತಿದ್ದೂ ಜನವರಿಯಲ್ಲೇ ಸುಮ್ಮನಿದ್ದೆ ಎನ್ನುವುದನ್ನೂ ಬಿಡಲಿಲ್ಲ.

ಭಾವ ಛಾವಣಿ ನೋಡುತ್ತಿದ್ದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೇಳಿದ್ದು ಇಷ್ಟೇ, ಅವತ್ತು ಗುಳಿಯ ವಿಷಯ ನನಗಾದ್ರೂ ಹೇಳಬಹುದಿತ್ತಲ್ಲ ಗೋಂದು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬರೀ ನೋವು. ಆ ಕಾಲಿಗೆ ಬಾರದ ನೋವೆಲ್ಲ ಅಲ್ಲಿತ್ತು.

ಅಕ್ಕನಿಗೆ ಇವತ್ತೇ ಹೇಳ್ತೀನಿ ಅಂದೆ.

'ಬೇಡ. ನಾನು ಬಿಸ್ಕತ್ತು ತಿಂದೆ ಅಂತ ಒಪ್ಕೊಂಡಾಗಿದೆ.'

ನೀವು ತಿಂದಿಲ್ಲ ಭಾವ.

'ತಿಂದಿದ್ದೀನಿ ಅಂತಲೇ ಇರ್ಲಿ. ನನ್ ಮೇಲೆ ಸಿಟ್ಟು ಮಾಡ್ಕೊಳ್ಳೋದು ಅವಳಿಗೆ ರೂಢಿ ಕಣೇ. ಇಪ್ಪತ್ತು ವರ್ಷದ್ದು. ವಾರ ಬೈತಾಳೆ, ಆಮೇಲೆ ಊಟಕ್ಕೆ ಕರೀತಾಳೆ. ನಿನ್ ಮೇಲೆ ರೂಢಿ ಇಲ್ಲ. ರೂಢಿ ಇಲ್ದಿರೋ ಸಿಟ್ಟು ಕೆಟ್ಟದ್ದು. ಅವಳಿಗೆ ತವರು ಅಂತ ಇರೋದು ನೀನೊಬ್ಳೇ.'

ಅಷ್ಟರಲ್ಲಿ ಅಕ್ಕ ಬಂದಳು. ನನ್ನ ಮುಖ ನೋಡಿ, ಯಾಕೆ ಅಳ್ತೀಯಾ, ಮಂಡಿ ಉಳೀತಲ್ಲ ಎಂದು ನನ್ನ ಬೆನ್ನು ಸವರಿದಳು. ನನ್ನ ಬೆನ್ನು.

ಮಾರ್ಚ್ 9

ಭಾವ ಮನೆಗೆ ಬಂದು ನಾಲ್ಕು ದಿನ. ಸ್ಪೋರ್ಟ್ಸ್ ಡೇ ಯಾವಾಗಲೋ ಆಗಿಹೋಯಿತು, ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಇವತ್ತು ಅಕ್ಕ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿಸಿದಳು. ಬಡಗಿ ಬಂದು ಚಿಲಕ ಜಡಿದ. ಸಕ್ಕರೆ, ಬ್ರೆಡ್ಡು, ಜಾಮ್ ಎಲ್ಲ ಒಳಗೆ. ಭಾವನ ಮಾತ್ರೆಗಳೂ ಅಲ್ಲೇ, ಲೆಕ್ಕ ತಪ್ಪಬಾರದೆಂದು. ಬೀಗದ ಕೈ ಅವಳ ಕುತ್ತಿಗೆಯ ದಾರದಲ್ಲಿ. ಬಡಗಿ ಇಲಿ ಕಾಟವಾ ಎಂದು ಕೇಳಿದ. ಹೂಂ, ದೊಡ್ಡ ಇಲಿ ಎಂದಳು ಅಕ್ಕ. ಭಾವ ಗಾಲಿಕುರ್ಚಿಯಲ್ಲಿ ಅಲ್ಲೇ ಇದ್ದರು. ಮೀಸೆಯಡಿ ನಕ್ಕು, ಕಿಚಕಿಚ ಎಂದು ಇಲಿಯ ಸದ್ದು ಮಾಡಿದರು. ಬಡಗಿಯೂ ನಕ್ಕ.

ನನಗೆ ಆ ಮೊಳೆ ಒಂದೊಂದೂ ನನ್ನ ನೆತ್ತಿಗೆ ಹೊಡೆದ ಹಾಗಾಯಿತು.

ಮಾರ್ಚ್ 13

ವರ್ಕ್‌ಶಾಪಿನಲ್ಲಿ ಸರಿಯಾದದ್ದು ತಯಾರಾಯಿತು. ಪೂರ್ತಿ ಹಾರ್ಡನರ್, ಎಣ್ಣೆ ಹೆಚ್ಚು, ಸಣ್ಣ ಶಾಖ, ಎರಡು ಸುತ್ತು. ಹೊರಗೆ ಬಿಗಿಯಾದ ಪದರ, ಒಳಗೆ ಮೆತ್ತಗಿನದು. ತೂಕ ತೆಗೆದ ಕೂಡಲೇ ಬಿಲ್ಲೆ ಎದ್ದು ಕೂತಿತು. ಹೆಬ್ಬೆರಳಿಗೆ ಮೇಷ್ಟ್ರ ಮಿಕ್ಸಿಗಿಂತ ಒಂದು ಕೂದಲು ಬಿರುಸು, ಅಷ್ಟೆ. ಅದೇ ಡಬ್ಬಿಯ ಸಾಮಾನು, ಅದೇ ಓವನ್, ಅದೇ ಕೈ. ಬೇಕಿದ್ದುದು ಇನ್ನೊಂದೆರಡು ವಾರದ ತಾಳ್ಮೆ. ಭಾವ ಜನವರಿ ಹದಿನಾಲ್ಕರಂದು ಹಳೆಯ ಲೈನರಿನಲ್ಲಿ ಕುಂಟುತ್ತ ನಡೆದಿದ್ದರೂ ಹೆಡ್‌ಮಿಸ್ ಒಪ್ಪುತ್ತಿದ್ದರೇನೋ. ಒಪ್ಪದಿದ್ದರೆ ಮುಂದಿನ ವರ್ಷ. ನನಗೆ ಶಹಬ್ಬಾಸ್ ಅವತ್ತೇ ಬೇಕಿತ್ತು.

ಫಿಟ್ಟರ್ ಒತ್ತಿ ನೋಡಿ ಚೆನ್ನಾಗಿದೆ ಮೇಡಂ ಅಂದ. ಬೆರಳು ತೆಗಿ ಅಂತ ರೇಗಿಬಿಟ್ಟೆ. ಆಮೇಲೆ ಬೇಜಾರಾಯಿತು.

ಮಾರ್ಚ್ 18

ಹೊಸ ಡ್ರಿಲ್ ಮೇಷ್ಟ್ರು ಮನೆಗೆ ಬಂದಿದ್ದರು. ಚಿಕ್ಕ ವಯಸ್ಸು, ಸಂಕೋಚದ ಸ್ವಭಾವ. ಸ್ಟೋರ್‌ರೂಮಿನ ಬೀಗದ ಕೈ ಭಾವನ ಹತ್ತಿರವೇ ಉಳಿದಿತ್ತಂತೆ. ಭಾವ ಕೊಟ್ಟರು. ಯಾವ ಹುಡುಗನಿಗೆ ಉಬ್ಬಸ ಇದೆ, ಯಾವ ಹುಡುಗಿ ಸುಳ್ಳು ಹೊಟ್ಟೆನೋವು ಹೇಳುತ್ತಾಳೆ, ಗ್ರೌಂಡಿನ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಎಲ್ಲ ಹೇಳಿದರು. ಆತ ಏಳುವಾಗ ಸೀಟಿಯನ್ನೂ ಕೈಗಿಟ್ಟರು. ತೊಳ್ಕೊಂಡು ಊದಪ್ಪಾ ಎಂದರು. ಇಬ್ಬರೂ ನಕ್ಕರು.

ಆತ ಹೋದ ಮೇಲೆ ಅಕ್ಕ ತಟ್ಟೆ ಎತ್ತುತ್ತ ಹೇಳಿದಳು. 'ಬಾಯಿ ಚಪಲ ಬಿಟ್ಟಿದ್ರೆ ಆ ಸೀಟಿ ಇವತ್ತು ನಿಮ್ಮ ಕುತ್ತಿಗೇಲೇ ಇರ್ತಿತ್ತು.'

ಭಾವ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಕುಂಬಳಕಾಯಿ ಕಳ್ಳಿ ನಾನು, ಹೆಗಲು ಮುಟ್ಟಿಕೊಳ್ಳುತ್ತ ಕೂತಿದ್ದೆ.

ಅಕ್ಕ ರಾತ್ರಿ ಊಟಕ್ಕೆ ಕರೆದಳು, ಎಂದಿನಂತೆ. ಆದರೆ ಭಾವ ಹೇಳಿದ ಹಾಗೆ ವಾರಕ್ಕೆಲ್ಲ ಮುಗಿಯಲಿಲ್ಲ ಅವಳ ಸಿಟ್ಟು. ಮುಗಿಯುವ ಸಿಟ್ಟಲ್ಲ ಇದು. ಅವಳು ಅವರನ್ನು ನಂಬುವುದನ್ನೇ ಬಿಟ್ಟಿದ್ದಾಳೆ. ಬಾಯಿ ತೆರೆಸಿ ಮೂಸಿ ನೋಡುತ್ತಾಳೆ, ಸಣ್ಣ ಮಕ್ಕಳಿಗೆ ಮಾಡಿದ ಹಾಗೆ. ಅವರು ತೆರೆಯುತ್ತಾರೆ.

ಮಾರ್ಚ್ 22, ಭಾನುವಾರ, ಬೆಳಿಗ್ಗೆ

ತಿಂಡಿಗೆ ಕೂತಿದ್ದೆವು. ಭಾವನಿಗೆ ತಿಂಡಿಗೆ ಮೊದಲಿನ ಮಾತ್ರೆ ಬೇಕಿತ್ತು. ಕಪಾಟಿಗೆ ಬೀಗ. ಅಕ್ಕ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದಳು. ಭಾವ ಕಾದರು. ಅವಳು ತಿರುಗಲಿಲ್ಲ. ಆಗ ಕೈ ಎತ್ತಿದರು. ಸುಮ್ಮನೆ, ತೋರುಬೆರಳು ನೆಟ್ಟಗೆ ಮಾಡಿ, ಕ್ಲಾಸಿನಲ್ಲಿ ಹುಡುಗರು ಕೇಳುವ ಹಾಗೆ. ತಮಾಷೆಗಲ್ಲ. ಮುಖದಲ್ಲಿ ತಮಾಷೆ ಇರಲಿಲ್ಲ. ಕೈ ಎತ್ತಿದವರಿಗೇ ಅದು ಗೊತ್ತಾಗಲಿಲ್ಲವೇನೋ.

ಇಡೀ ಸ್ಕೂಲನ್ನು ಒಂದು ಸೀಟಿಯಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ.

ಅಕ್ಕ ಬಂದು ಬೀಗ ತೆಗೆದು, ಒಂದು ಮಾತ್ರೆ ಎಣಿಸಿಕೊಟ್ಟು, ಮತ್ತೆ ಬೀಗ ಹಾಕಿ ಬಟ್ಟೆ ಒಣಗಿಸಲು ಟೆರೇಸಿಗೆ ಹೋದಳು.

ನಾನು ಮೇಲೆ ಬಂದು ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಲೈನರಿನ ಎರಡು ಹೋಳು ತೆಗೆದೆ. ಕೆಳಗೆ ಒಯ್ದು ಊಟದ ಮೇಜಿನ ಮೇಲಿಟ್ಟೆ, ಒಳಮೈ ಮೇಲಾಗಿ. ತೆಳುವಾದ ಜಾಗ ಕಿಟಕಿಯ ಕಡೆಗೆ. ಭಾವ ನೋಡಿದರು. ಬೇಡ ಎಂದು ತಲೆಯಾಡಿಸಿದರು. ಇನ್ನೊಮ್ಮೆ ಆಡಿಸಿದರು. ಒಂದು ಹೋಳು ಎತ್ತಿ ಮಡಿಲಿಗೆ ಹಾಕಿಕೊಳ್ಳಲು ಹೋದರು. ಅವರ ಕೈಯಿಂದ ಬಿಡಿಸಿ ಮತ್ತೆ ಮೇಜಿನ ಮೇಲಿಟ್ಟೆ. ನಿಮ್ಮ ಮಾತು ಮೀರ್ತಿದ್ದೀನಿ ಭಾವ, ಬೈಯಿರಿ ಅಂದೆ. ಬೈಯಲಿಲ್ಲ. ಕಣ್ಣು ಒರೆಸಿಕೊಂಡರು.

ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಅವಳು ಇಳಿದು ಬರುವವರೆಗೆ. ಅವಳು ಕ್ಷಮಿಸುವುದಿಲ್ಲ. ಕ್ಷಮಿಸಲಿ ಎಂದು ಹೇಳುತ್ತಿಲ್ಲ. ಈ ಮನೆಯ ಮೇಲಿನ ಕೋಣೆ ಖಾಲಿ ಮಾಡಬೇಕಾಗಬಹುದು. ಆಗಲಿ. ಆ ಕಪಾಟಿನ ಬೀಗ ತೆಗೆಯಲಿ, ಸಾಕು. ಅವರ ಬಾಯಿ ಮೂಸುವುದು ನಿಲ್ಲಿಸಲಿ.

ಟೆರೇಸಿನ ಬಾಗಿಲು ಹಾಕಿದ ಸದ್ದು. ಬಕೆಟ್ಟು ಮೆಟ್ಟಿಲಿಗೆ ತಾಗುತ್ತ ಬರುತ್ತಿದೆ. ನನ್ನ ಬಾಗಿಲ ಮುಂದೆಯೇ ಹಾದು ಇಳಿಯಬೇಕು. ಅವಳ ಹಿಂದೆಯೇ ಇಳಿಯುತ್ತೇನೆ. ಮೊದಲು ಅಕ್ಕಾ, ಕೂತ್ಕೋ ಅನ್ನಬೇಕು. ಆಮೇಲೆ ಭಾವ ಬಿಸ್ಕತ್ತು ತಿಂದಿಲ್ಲ ಅಂತ. ಅದು ಮೊದಲು. ಆಮೇಲೆ ನಾನು...

ನಿಂತಳು. ಬಾಗಿಲು ತಟ್ಟುತ್ತಿದ್ದಾಳೆ. ಪುಟ್ಟೀ, ತಲೆಗೆ ಎಣ್ಣೆ ಹಚ್ಚಿಕೊಡ್ಲಾ ಅಂತ ಕೇಳುತ್ತಿದ್ದಾಳೆ. ಪುಸ್ತಕ ಮುಚ್ಚುತ್ತೇನೆ.